ಡಬಲ್ ಜೆ, ಸಿಂಗಲ್ ವಿ

ಯಶವಂತಪುರದಲ್ಲಿ ಶುರುವಾದದ್ದು ಮಲ್ಲೇಶ್ವರದ ಹದಿನೆಂಟನೇ ಕ್ರಾಸ್ ದಾಟಿದರೂ ಮುಗಿದಿರಲಿಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತ ಹಿರಿಯರೊಬ್ಬರು ಫೋನಿನಲ್ಲಿ ಯಾರಿಗೋ ತಮ್ಮ ವೆಬ್‌ಸೈಟಿನ ವಿಳಾಸ ಬರೆಸುತ್ತಿದ್ದರು. “ಜಿ... ಗಣೇಶನ ಜಿ ಸಾರ್, ಜಾನಕಿ ಜೆ ಅಲ್ಲ. ಓ. ಈಗ ಜಾನಕಿ ಜೆ, ಎರಡು ಸಲ. ಎ. ವಿ. ವಿ ಫಾರ್ ವಿಕ್ಟರಿ, ಡಬ್ಲ್ಯೂ ಹಾಕ್ಬೇಡಿ...” ಆ ಕಡೆಯವರು ಪ್ರತಿ ಸಲ ಮೊದಲಿನಿಂದ ಓದಿ ಹೇಳುವುದು, ಪ್ರತಿ ಸಲ ಎಲ್ಲೋ ಒಂದು ಅಕ್ಷರ ಜಾರುವುದು. ಗೊಜ್ಜವಲಕ್ಕಿ ಎಂಬ ಐದಕ್ಷರದ ಪದ ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರವಾಗಿ, ಇಡೀ ಬಸ್ಸಿಗೆ ಬಾಯಿಪಾಠವಾಯಿತು, ಆ ಫೋನಿನವರೊಬ್ಬರನ್ನು ಬಿಟ್ಟು.

ಡೊಮೈನ್ ಹೆಸರು, ಅಂದರೆ ಹೀಗೆ ಬರೆಸುವ ವೆಬ್‌ಸೈಟ್ ವಿಳಾಸ, ಆರಿಸಿಕೊಳ್ಳುವುದಕ್ಕೆ ಸೂತ್ರ ಇರುವುದು ಒಂದೇ. ಅದನ್ನು ಕೊನೆಗೆ ಹೇಳಿದರಾಯಿತು.

ಯಂತ್ರದ ಕಡೆಯಿಂದ ಬಂದ ನಿಯಮಗಳು ಉದಾರವಾಗಿಯೇ ಇವೆ. ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿ, ಒಂದು ಹೈಫನ್, ಸಾಮಗ್ರಿ ಇಷ್ಟೇ. ಚುಕ್ಕೆಯಿಂದ ಚುಕ್ಕೆಗೆ 63 ಅಕ್ಷರದವರೆಗೆ ಎಳೆಯಬಹುದು. ಹೈಫನ್ ಮೊದಲಲ್ಲೂ ಬರಕೂಡದು, ಕೊನೆಯಲ್ಲೂ ಬರಕೂಡದು. 63 ಕೊಟ್ಟಿದ್ದಾರೆಂದು 63ನ್ನೂ ಬಳಸಲು ಹೊರಡುವ ಮಹನೀಯರಿದ್ದಾರೆ. ಶ್ರೀ ಬೇಕು, ಮನೆದೇವರ ಹೆಸರು ಬೇಕು, ಊರು ಬೇಕು, ಕೊನೆಗೆ ‘ಎಂಟರ್‌ಪ್ರೈಸಸ್’ ಬೇಕೇ ಬೇಕು. ಲಗ್ನಪತ್ರಿಕೆಯಲ್ಲಿ ಯಾವ ನೆಂಟರ ಹೆಸರನ್ನೂ ಬಿಡಲಾಗದವರ ಕಷ್ಟ ಇದು. ಬರೀ ‘ಶ್ರೀ’ಯನ್ನೇ ಎಸ್-ಆರ್-ಐ ಎಂದು, ನಡುವೆ ಎಚ್ ಸೇರಿಸಿ, ಕೊನೆಗೆ ಎರಡು ಇ ಹಚ್ಚಿ, ಎಚ್ಚೂ ಇ-ಗಳೂ ಎರಡೂ ಇಟ್ಟು, ಹೀಗೆ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಬಾಗಿಲಲ್ಲೇ ಗಿರಾಕಿ ನಾಲ್ಕು ದಾರಿ ಹಿಡಿದರೆ ಒಳಗೆ ಬರುವವರೆಷ್ಟು? ಹನ್ನೆರಡು, ಹೆಚ್ಚೆಂದರೆ ಹದಿನೈದು ಅಕ್ಷರಕ್ಕೆ ನಿಲ್ಲಿಸಬೇಕು. ಎಕ್ಸ್ ಖಾತೆಯ ಹೆಸರಿಗೂ ಹದಿನೈದೇ ಮಿತಿ, ಎರಡೂ ಕಡೆ ಒಂದೇ ಹೆಸರು ಸಿಕ್ಕರೆ ಅರ್ಧ ತಲೆನೋವು ಇಳಿಯುತ್ತದೆ.

ಹೈಫನ್ನನ್ನು ಫೋನಿನಲ್ಲಿ ಹೇಳಿ ನೋಡಿ. “ನಡುವೆ ಒಂದು ಗೆರೆ.” “ಕೆಳಗಡೆ ಗೆರೆನಾ, ಮಧ್ಯದ ಗೆರೆನಾ?” ಕೆಳಗಡೆ ಗೆರೆಗೆ ಇಲ್ಲಿ ಪ್ರವೇಶವೇ ಇಲ್ಲ, ಆದರೆ ಕೇಳುವವರಿಗೆ ಅದು ಗೊತ್ತಿರಬೇಕಲ್ಲ. ಅಂಕಿಯದೂ ಅದೇ ಪಾಡು. ಟು ಎಂದರೆ ಅಂಕಿಯೋ, ಎರಡಕ್ಷರದ್ದೋ, ಮೂರಕ್ಷರದ್ದೋ? ಇವೆರಡನ್ನೂ ದೂರ ಇಟ್ಟವರು ಸುಖಿಗಳು.

ಇದೆಲ್ಲ ಯಾವ ಭಾಷೆಯವರಿಗೂ ಇರುವ ಗೋಳು. ನಮ್ಮದು ಬೇರೆಯೇ ಇದೆ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದ ಚೀಲಕ್ಕೆ ತುಂಬುವಾಗ ಮೊದಲು ಸೋರಿ ಹೋಗುವುದು ದೀರ್ಘ, ಅದರ ಹಿಂದೆಯೇ ಳಕಾರ. ಬಿ-ಎ-ಎಲ್-ಇ ಎಂದು ಬರೆದದ್ದನ್ನು ಬಳೆ ಎಂದು ಓದಬೇಕೆ, ಬಲೆ ಎಂದೇ, ಬಾಳೆ ಎಂದೇ, ಬಾಲೆ ಎಂದೇ? ಬಳೆ ಅಂಗಡಿಯವರ ವಿಳಾಸಕ್ಕೆ ಮೀನುಗಾರರು ಬಂದು ನಿಂತರೆ ತಪ್ಪು ಅವರದಲ್ಲ. ಎ ತೆಗೆದು ಇ ಹಾಕಿದರೆ ಇನ್ನೊಂದು ಸಂಸಾರ: ಬೆಲೆ, ಬೆಳೆ, ಬೇಳೆ. ರಾಯಚೂರಿನ ತೊಗರಿ ಬೆಳೆದವರಿಗೆ ಬೆಳೆಯ ಬೆಲೆ ತಿಳಿಸುವ ತಾಣಕ್ಕೂ, ಅಡುಗೆಮನೆಯವರಿಗೆ ಬೇಳೆಯ ಬೆಲೆ ತಿಳಿಸುವ ತಾಣಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು, ಬಿ-ಇ-ಎಲ್-ಇ ಎರಡು ಸಲ. ಮೊದಲು ಕೊಂಡವರ ಬೇಳೆ ಬೇಯುತ್ತದೆ.

‘ಹಳ್ಳಿ ತಿಂಡಿ’ ಎಂದು ಹೆಸರಿಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಎರಡು ಎಲ್ ಹಾಕಿ ಬರೆದಾಗ ಪರದೆಯ ಮೇಲೆ ಹಳ್ಳಿಯೂ ಹಲ್ಲಿಯೂ ಒಂದೇ. ತಿಂಡಿಯ ಪಕ್ಕ ಹಲ್ಲಿಯನ್ನು ಯಾರೂ ನೆನೆಯಲು ಬಯಸುವುದಿಲ್ಲ. ‘ಹುಳಿಯವಲಕ್ಕಿ’ಯಲ್ಲಿ ಹುಲಿ ಬಂದು ಕೂರುತ್ತದೆ. ಇನ್ನೂ ಕೆಲವು ಜೋಡಿಗಳಿವೆ, ಮನೆಮಂದಿ ಓದುವ ಕಡೆ ಬರೆಯುವಂಥವಲ್ಲ. ಹೆಸರು ಕೊಳ್ಳುವ ಮೊದಲು ಅದನ್ನು ಇಂಗ್ಲಿಷಿನಲ್ಲಿ ಒಂದು ಚೀಟಿಯ ಮೇಲೆ ಬರೆದು, ವಿಷಯ ಗೊತ್ತಿಲ್ಲದ ಮೂರು ಜನರ ಕೈಗೆ ಕೊಟ್ಟು ಜೋರಾಗಿ ಓದಿಸಬೇಕು. ಮೂವರಲ್ಲಿ ಒಬ್ಬ ಹೈಸ್ಕೂಲು ಹುಡುಗ ಇರಲಿ. ಅಪಾರ್ಥ ಅವನಿಗೆ ಮೊದಲು ಹೊಳೆಯುತ್ತದೆ.

ಬರಹ ತಂತ್ರಾಂಶದಲ್ಲಿ ಟೈಪಿಸಿ ಪಳಗಿದವರು “ಅದಕ್ಕೇನು, ದೊಡ್ಡ ಎಲ್ ಹಾಕಿದರೆ ಳ ಆಗುತ್ತದಲ್ಲ” ಎನ್ನುತ್ತಾರೆ. ಅಲ್ಲಿ ಆಗುತ್ತದೆ. ಡೊಮೈನ್ ಲೋಕದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ, ಎಲ್ಲ ಎಲ್‌ಗಳೂ ಸಮಾನರು. ಫಲಕದ ಮೇಲೆ ದೊಡ್ಡ ಎಲ್ ಬರೆಸಿ ಸಮಾಧಾನ ಪಟ್ಟುಕೊಳ್ಳಬಹುದು, ಅಷ್ಟೇ.

ಇನ್ನು ಸಂಧಿ. ಹೈಸ್ಕೂಲಿನಲ್ಲಿ ಲೋಪಸಂಧಿ ಯಾಕೆ ಕಲಿಸಿದರು ಎಂದು ಕೇಳುವವರಿಗೆ ಇಲ್ಲಿದೆ ಉತ್ತರ. ಗೊಜ್ಜು ಸೇರಿಸು ಅವಲಕ್ಕಿ, ಉಕಾರ ಲೋಪವಾಗಿ ಗೊಜ್ಜವಲಕ್ಕಿ. ಬಾಯಲ್ಲಿ ಸಂಧಿ ತಾನಾಗಿ ಆಗುತ್ತದೆ. ಟೈಪಿಸುವ ಬೆರಳಿಗೆ ಮಾತ್ರ ಆ ಸಂಸ್ಕಾರವಿಲ್ಲ, ಅದು ‘ಗೊಜ್ಜು’ ಬರೆದು, ಉಕಾರ ಉಳಿಸಿಕೊಂಡೇ ‘ಅವಲಕ್ಕಿ’ಗೆ ಹೋಗುತ್ತದೆ. ಹಾಗಾಗಿ ಲೆಕ್ಕ ಹೀಗೆ: ಸಂಧಿ ಮಾಡಿದವರು, ಮಾಡದವರು, ಎರಡು. ಜೆ ಒಂದೋ ಎರಡೋ, ಇನ್ನೆರಡು. ವಿಯೋ ಡಬ್ಲ್ಯೂಯೋ, ಎರಡು. ವ-ದ ಮುಂದಿನ ಎ ಇಟ್ಟವರು, ‘ಅವ್ಲಕ್ಕಿ’ ಎಂದು ನುಂಗಿದವರು, ಎರಡು. ಕೆ ಒಂದೋ ಎರಡೋ, ಎರಡು. ಗುಣಿಸಿದರೆ 32. ಒಂದು ತಟ್ಟೆ ಗೊಜ್ಜವಲಕ್ಕಿಗೆ ಮೂವತ್ತೆರಡು ವಿಳಾಸ! ಒಂದಕ್ಕೆ ವರ್ಷಕ್ಕೆ 750 ರೂಪಾಯಿ ಎಂದು ಹಿಡಿದರೂ 24,000 ಆಯಿತು. ಅಷ್ಟು ದುಡ್ಡಿಗೆ ಎಷ್ಟು ಮೂಟೆ ಅವಲಕ್ಕಿ ಬರುತ್ತದೆಂದು ವ್ಯಾಪಾರದವರಿಗೆ ಹೇಳಿಕೊಡಬೇಕಿಲ್ಲ. ಮೂವತ್ತೆರಡನ್ನೂ ಕೊಳ್ಳುವವರು ಯಾರೂ ಇಲ್ಲ. ಸರಿಯಾದದ್ದೊಂದು, ಜನ ಹೆಚ್ಚಾಗಿ ತಪ್ಪುವುದೊಂದು, ಹೀಗೆ ಎರಡನ್ನು ಕೊಂಡು, ತಪ್ಪಾದದ್ದನ್ನು 301 ಎಂಬ ಶಾಶ್ವತ ರೀಡೈರೆಕ್ಟ್ ಹಾಕಿ ಸರಿಯಾದದ್ದರ ಕಡೆಗೆ ತಿರುಗಿಸುವುದು ವಾಡಿಕೆ. ಯಾವುದು ಹೆಚ್ಚಿನ ತಪ್ಪು ಎಂದು ತಿಳಿಯಲು ದೊಡ್ಡ ಸಂಶೋಧನೆ ಬೇಡ, ಅಂಗಡಿಯ ಬಿಲ್ ಬರೆಯುವವರನ್ನು ಕೇಳಿದರೆ ಸಾಕು.

ಇಷ್ಟೆಲ್ಲ ತಾಪತ್ರಯ ಯಾಕೆ, ಕನ್ನಡದಲ್ಲೇ ಇಡಬಾರದೇ? ಇಡಬಹುದು. ಡಾಟ್ ಭಾರತ ಕನ್ನಡ ಲಿಪಿಯಲ್ಲೂ ಇದೆ. ಹಳ್ಳಿ ಹಳ್ಳಿಯಾಗಿಯೇ, ಬೇಳೆ ಬೇಳೆಯಾಗಿಯೇ ನಿಲ್ಲುತ್ತದೆ, ಕಣ್ಣಿಗೆ ಹಬ್ಬ. ಒಳಗಡೆ ಮಾತ್ರ ಯಂತ್ರಕ್ಕೆ ಈಗಲೂ ಇಂಗ್ಲಿಷ್ ಅಕ್ಷರವೇ ಬೇಕು. ನಮ್ಮ ‘ಭಾರತ’ ಅದರ ಬಾಯಲ್ಲಿ ಎಕ್ಸ್-ಎನ್, ಎರಡು ಹೈಫನ್, 2-ಎಸ್-ಸಿ-ಆರ್-ಜೆ-9-ಸಿ. ವಿಳಾಸವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಕೆಲವೊಮ್ಮೆ ಈ ವೇಷವೇ ಎದ್ದು ನಿಲ್ಲುತ್ತದೆ, ನೋಡಿದವರು ವಂಚನೆಯ ಲಿಂಕ್ ಎಂದು ಓಡುತ್ತಾರೆ. 63ರ ಮಿತಿಯನ್ನು ಎಣಿಸುವುದೂ ಈ ವೇಷದ ಮೇಲೆಯೇ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ-ಕ ಒತ್ತಾಗದಂತೆ ನಡುವೆ ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು ಹಳೆಯ ನಿಯಮ ಉಜ್ಜಿ ಹಾಕುತ್ತಿತ್ತು. 2010ರಲ್ಲಿ ಬಂದ ನಿಯಮ ಅದು ಹಲಂತದ (ಅರ್ಧಾಕ್ಷರದ ಗುರುತಿನ) ನಂತರ ಬಂದರೆ ಒಪ್ಪುತ್ತದೆ, ಆದರೆ ನೋಂದಣಿ ಮಾಡುವವರು ಒಪ್ಪಬೇಕೆಂದಿಲ್ಲ. ಅಂಥ ಹೆಸರನ್ನು ಬಿಡುವುದೇ ಕ್ಷೇಮ. ಈಮೇಲ್ ವಿಳಾಸಕ್ಕಂತೂ ಕನ್ನಡ ಡೊಮೈನ್ ನಂಬಿ ಕೂರಬೇಡಿ. ಬ್ಯಾಂಕಿನ ಅರ್ಜಿ, ಟಿಕೆಟ್ ಬುಕಿಂಗ್ ಪುಟ, ಎಲ್ಲೋ ಒಂದು ಕಡೆ “ವಿಳಾಸ ಸರಿಯಿಲ್ಲ” ಎಂದು ಕೆಂಪಕ್ಷರ ಬಂದೇ ಬರುತ್ತದೆ. ಸರಿಯಿಲ್ಲದಿರುವುದು ಆ ಪುಟ ಬರೆದವರ ತಲೆ, ಆದರೆ ಟಿಕೆಟ್ ತಪ್ಪುವುದು ನಿಮ್ಮದು. ಇಂಗ್ಲಿಷಿನದೊಂದು, ಕನ್ನಡದ್ದೊಂದು ಇಟ್ಟುಕೊಂಡು ಎರಡನ್ನೂ ಒಂದೇ ಮನೆಗೆ ತಿರುಗಿಸಿದರೆ ಅಭಿಮಾನವೂ ಉಳಿಯುತ್ತದೆ, ವ್ಯಾಪಾರವೂ ನಡೆಯುತ್ತದೆ.

ಬಾಲದ ವಿಚಾರ ಬೇಗ ಮುಗಿಸೋಣ. ಡಾಟ್ ಕಾಮ್ ಸಿಕ್ಕರೆ ಬಿಡಬಾರದು. 2005ರಿಂದ ಡಾಟ್ ಇನ್ ಕೆಳಗೆ ಯಾರು ಬೇಕಾದರೂ ನೇರವಾಗಿ ಹೆಸರು ಕೊಳ್ಳಬಹುದು, ಊರಿನ ವ್ಯಾಪಾರಕ್ಕೆ ಅದು ಧಾರಾಳ. ಡಾಟ್ ಎಐ ಎಂದು ಹಿಗ್ಗುವವರು ಬಾಡಿಗೆ ಕಟ್ಟುತ್ತಿರುವುದು ಅಂಗ್ವಿಲಾ ಎಂಬ ಪುಟ್ಟ ದ್ವೀಪಕ್ಕೆ. ವಿಕಿಪೀಡಿಯದಲ್ಲಿ ವಿಳಾಸದ ಮುಂದೆ ಕೆಎನ್ ಎಂದರೆ ಕನ್ನಡ, ಅದನ್ನೇ ತಂದು ಕೊನೆಗೆ ಹಚ್ಚಿದರೆ ಕೆರಿಬಿಯನ್ ಕಡಲಿನ ಸೇಂಟ್ ಕಿಟ್ಸ್ ಮತ್ತು ನೆವಿಸ್. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಅದು ಬ್ಯಾಂಕುಗಳಿಗೆ ಮಾತ್ರ, ಗಿರವಿ ಅಂಗಡಿಯವರು ಆಸೆಪಡುವಂತಿಲ್ಲ. ಊರಿನ ಹೆಸರು ಸೇರಿಸುವವರು 2014ರ ನವೆಂಬರ್ 1ನ್ನು ನೆನೆಯಲಿ. ಅಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಒಟ್ಟಿಗೆ ಬದಲಾಯಿತು. ಗುಲ್ಬರ್ಗಾ ಎಂದು ಡೊಮೈನ್ ಕೊಂಡವರು ಬೋರ್ಡಿನಲ್ಲಿ ಕಲಬುರಗಿ ಎಂದು ಬರೆಸಿದರು, ವಿಳಾಸ ಹಳತಾಗಿಯೇ ಉಳಿಯಿತು. ಕೊಂಡ ಡೊಮೈನನ್ನು ತಿದ್ದಲು ಬರುವುದಿಲ್ಲ, ಹೊಸದು ಕೊಂಡು ಹಳೆಯದನ್ನೂ ಸಾಕುತ್ತಿರಬೇಕು. ಹೆಸರಿನ ಮುಂದೆ ‘ನಮ್ಮ’ ಸೇರಿಸುವ ಚಾಳಿಯೂ ಸಾಕು. ಎಲ್ಲವೂ ನಮ್ಮದಾದ ಮೇಲೆ ಗಿರಾಕಿಗೆ ಯಾರದ್ದು ಯಾವುದೆಂದು ತಿಳಿಯುವುದು ಹೇಗೆ?

ಕೊಳ್ಳುವ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ತಾಣದಲ್ಲಿ ಪುಕ್ಕಟೆ ಹುಡುಕಬಹುದು. ಅವಲಕ್ಕಿ ಮಿಕ್ಸ್ ಪೊಟ್ಟಣ ಮಾರುವವರು 30ನೇ ವರ್ಗದಲ್ಲಿ, ಹೋಟೆಲಿನವರು 43ರಲ್ಲಿ. ಹಳೆಯ ವೆಬ್ ಪುಟಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮೆಷಿನ್‌ನಲ್ಲಿ ಆ ಹೆಸರಿನ ಪೂರ್ವಜನ್ಮವನ್ನೂ ನೋಡಿಬಿಡಿ, ಹಿಂದೆ ಅಲ್ಲಿ ಜೂಜಿನ ಅಡ್ಡೆ ಇದ್ದಿದ್ದರೆ ನಿಮ್ಮ ಈಮೇಲ್‌ಗಳು ಸ್ಪ್ಯಾಮ್ ಡಬ್ಬಿಗೆ ಬೀಳಬಹುದು. ಮೊದಲ ವರ್ಷದ 99 ರೂಪಾಯಿ ಕಂಡು ಮರುಳಾಗದೆ ಎರಡನೇ ವರ್ಷದ ರಿನ್ಯೂವಲ್ ದರ ಓದಬೇಕು. ಒಮ್ಮೆಗೆ ಹತ್ತು ವರ್ಷದವರೆಗೆ ಕಟ್ಟಬಹುದು.

ಎಲ್ಲಕ್ಕಿಂತ ಮುಖ್ಯ, ಖಾತೆ ಯಾರ ಹೆಸರಿನಲ್ಲಿದೆ? ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಜಿಮೇಲ್‌ನಲ್ಲಿ. ಹುಡುಗ ಈಗ ಎಲ್ಲಿದ್ದಾನೆ? ಡಬ್ಲಿನ್‌ನಲ್ಲಿ. ರಿನ್ಯೂವಲ್ ನೋಟಿಸು ಅವನಿಗೆ ಹೋಗುತ್ತದೆ, ಅವನು ನೋಡುವುದಿಲ್ಲ, ಒಂದು ಬೆಳಿಗ್ಗೆ ಅಂಗಡಿಯವರ ತಾಣವೂ ಇಲ್ಲ, ಈಮೇಲೂ ಇಲ್ಲ. ಸೈಟಿನ ಪತ್ರವನ್ನು ಮೇಸ್ತ್ರಿಯ ಹೆಸರಿಗೆ ಯಾರಾದರೂ ಮಾಡಿಸುತ್ತಾರೆಯೇ? ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್, ಅಂದರೆ ಹೆಸರು ಮಾರಿದ ಕಂಪನಿ, 45 ದಿನದವರೆಗೆ ಕಾಯಬಹುದು, ಕಾಯಲೇಬೇಕೆಂದಿಲ್ಲ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಆ ದಂಡ ರಿನ್ಯೂವಲ್‌ನ ಹಲವು ಪಟ್ಟು. ಆಮೇಲೆ ಐದು ದಿನ ಯಾರಿಗೂ ಇಲ್ಲ. ಆರನೇ ದಿನ ಮೊದಲು ಕೈಹಾಕಿದವರಿಗೆ. ಸಣ್ಣವರಿಗೆ ಮಾತ್ರ ಹೀಗಾಗುತ್ತದೆಂದಲ್ಲ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ 35 ಡಾಲರ್ ಕಟ್ಟಲು ಮರೆತು ಹಾಟ್‌ಮೇಲ್ ಬಾಗಿಲು ತೆರೆಯದಾದಾಗ, ಲಿನಕ್ಸ್ ಬಳಸುವ ಪುಣ್ಯಾತ್ಮನೊಬ್ಬ ತನ್ನ ಕಾರ್ಡಿನಿಂದ ಅದನ್ನು ಕಟ್ಟಿದ.

ಹಾಂ, ಆ ಒಂದು ಸೂತ್ರ. ಅಷ್ಟರಲ್ಲಿ ಬಸ್ಸು ಮೆಜೆಸ್ಟಿಕ್ ಸೇರಿತ್ತು, ಕಿಟಕಿ ಸೀಟಿನವರು ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದಿದ್ದರು. ಹನ್ನೆರಡಕ್ಷರವೂ ಕೊನೆಗೆ ಆ ಕಡೆ ಸರಿಯಾಗಿ ಇಳಿದಂತಿತ್ತು.

“ಆಯ್ತಾ? ಡಾಟ್ ಇನ್ನು.”

ಆ ಕಡೆಯವರು ಏನೋ ಕೇಳಿದರು.

“ಇನ್ನೇನೂ ಇಲ್ಲ ಸಾರ್. ಇನ್ನು... ಇನ್ನು ಅಷ್ಟೇ.”