ಭಾವನ ಬಿಯರ್, ಬುದ್ಧನ ಹುಣ್ಣಿಮೆ

ಕೊಲಂಬೊಗೆ ಬರುವ ನೆಂಟರಿಗೆ ನಾನು ಹೇಳುವುದು ಒಂದೇ ಮಾತು: ಟಿಕೆಟ್ ಮಾಡಿಸುವ ಮುಂಚೆ ಪಂಚಾಂಗ ನೋಡಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ರಜೆ. ಪೋಯ ಅನ್ನುತ್ತಾರೆ. ಆ ದಿನ ಹೆಂಡದಂಗಡಿ ಬಾಗಿಲು ತೆಗೆಯುವುದಿಲ್ಲ. ವೈಶಾಖದ ಹುಣ್ಣಿಮೆ, ನಮ್ಮ ಬುದ್ಧ ಪೂರ್ಣಿಮೆ, ಅಂದರೆ ಇಲ್ಲಿನ ವೇಸಾಕ್ ಬಂತೋ, ರಜೆ ಎರಡು ದಿನ. ಮಾಂಸದಂಗಡಿಯೂ ಬಂದ್.

ನಮ್ಮ ಭಾವ ಪಂಚಾಂಗ ನೋಡುವವರಲ್ಲ. ಟಿಕೆಟ್ ಅಗ್ಗ ಸಿಕ್ಕಿತು ಅಂತ ಬೆಂಗಳೂರಿನಿಂದ ಸರಿಯಾಗಿ ವೇಸಾಕ್ ಹಿಂದಿನ ರಾತ್ರಿ ಬಂದಿಳಿದರು. ಅಕ್ಕನಿಗೆ ರಜೆ ಸಿಗಲಿಲ್ಲ, ಹಾಗಾಗಿ ಒಬ್ಬರೇ. ಕೋಳಿ ಕೊತ್ತು, ಅಂದರೆ ರೊಟ್ಟಿ ಕೊಚ್ಚಿ ಕೋಳಿ ಜೊತೆ ಹುರಿದದ್ದು, ತಿನ್ನಬೇಕು, ಸಮುದ್ರ ನೋಡ್ತಾ ತಣ್ಣನೆ ಬಿಯರ್ ಕುಡಿಯಬೇಕು, ಇಷ್ಟೇ ಅವರ ಪ್ಲಾನು. ಬೆಳಿಗ್ಗೆ ಸೂಪರ್ ಮಾರ್ಕೆಟ್ಟಿಗೆ ಹೋದರೆ ಕೋಳಿ ಇಡುವ ಫ್ರಿಜ್ಜಿಗೆ ಬಟ್ಟೆ ಹೊದಿಸಿದ್ದರು.

"ಏನಮ್ಮಾ, ಕೋಳಿಗೂ ಚಳೀನಾ?"

"ವೇಸಾಕ್ ಭಾವ. ನಾಡಿದ್ದು ಸಿಗುತ್ತೆ."

"ನಾಡಿದ್ದು ಬೆಳಿಗ್ಗೆ ನನ್ನ ಫ್ಲೈಟು!"

ಸಮಾಧಾನಕ್ಕೆ ಸಂಜೆ ದೀಪ ತೋರಿಸೋಣ ಅಂತ ಆಟೋ ಹತ್ತಿದೆವು. ಮನೆಮನೆಗೂ ಬಿದಿರುಕಡ್ಡಿ, ಬಣ್ಣದ ಕಾಗದದ ಲಾಟೀನು. ನಮ್ಮ ಕರಾವಳಿಯ ದೀಪಾವಳಿ ಗೂಡುದೀಪದ ಅಣ್ಣತಮ್ಮಂದಿರೇ. ಇಲ್ಲಿ ಅದು ಮೇ ತಿಂಗಳಿಗೆ ಬೀಳುತ್ತೆ, ಮಳೆಗಾಲ ಹೊಸ್ತಿಲಲ್ಲೇ ನಿಂತಿರುತ್ತೆ. ಹಾಗಾಗಿ ಹುಷಾರಿನವರು ದೀಪಕ್ಕೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಭಾವನಿಗೆ ಈ ಊರಲ್ಲಿ ಎಲ್ಲಕ್ಕೂ ಹೊದಿಕೆ ಹಾಕ್ತಾರೆ ಅಂತ ಖಾತ್ರಿಯಾಯಿತು.

ಗಂಗಾರಾಮಯ ದೇವಸ್ಥಾನದ ದಾರಿ ಹತ್ತಿರದ್ದೇ. ಆದರೆ ವೇಸಾಕ್ ರಾತ್ರಿ ಅದು ದಾರಿಯಲ್ಲ, ಪಂಕ್ತಿ. ಹೆಜ್ಜೆಗೊಂದು ದನ್ಸಲ, ಅಂದರೆ ಪುಕ್ಕಟೆ ಊಟದ ಚಪ್ಪರ. ಹುಡುಗರು ರಸ್ತೆ ಮಧ್ಯಕ್ಕೇ ಬಂದು ಬೌದ್ಧ ಬಾವುಟ ಬೀಸಿ ಗಾಡಿ ನಿಲ್ಲಿಸುತ್ತಾರೆ. ಆ ಬಾವುಟ ಮೊದಲು ಹಾರಿದ್ದು 1885ರ ವೇಸಾಕ್‌ನಲ್ಲಿ. ಮುಂದೆ ಅದು ಟ್ರಾಫಿಕ್ ಪೊಲೀಸರ ಕೈಯಿಗಿಂತ ಜೋರಾಗಿ ಕೆಲಸ ಮಾಡುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು! ಬೇಡ ಅನ್ನುವ ಹಾಗಿಲ್ಲ. ಕೊಡುವುದರಲ್ಲೇ ಪುಣ್ಯ ಇರುವುದರಿಂದ ನಮ್ಮ ಹೊಟ್ಟೆ ತುಂಬಿದೆಯಾ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ.

ಮೊದಲು ಬೇಯಿಸಿದ ಮರಗೆಣಸು, ಖಾರದ ಜೊತೆ. ಆಮೇಲೆ ಬ್ರೆಡ್ಡು, ಬೇಳೆ ಸಾರು. ಆಮೇಲೆ ಬಿಲ್ವದ ಹೂವಿನ ಕಷಾಯ, ಕಚ್ಚಿಕೊಳ್ಳಲು ಒಂದು ಚೂರು ಬೆಲ್ಲ. ಬೆಲ್ಲ ನೋಡಿ ಭಾವ ಸ್ವಲ್ಪ ಕರಗಿದರು. "ನಮ್ಮಜ್ಜಿ ಮನೇಲೂ ಬಂದವರಿಗೆ ಬೆಲ್ಲ, ನೀರು ಕೊಡ್ತಿದ್ದರು," ಅಂದರು. ಆಟೋ ಡ್ರೈವರು ಮಾತ್ರ ಎಲ್ಲ ಕಡೆಯೂ ನಮಗಿಂತ ಮುಂಚೆ ಇಳಿಯುತ್ತಿದ್ದ.

ಕೊನೆಗೆ ಎಲ್ಲಕ್ಕಿಂತ ಉದ್ದದ ಸಾಲು. ಇಷ್ಟು ಜನ ನಿಂತಿದ್ದಾರೆ ಅಂದ ಮೇಲೆ ಬಿರಿಯಾನಿಯೇ ಇರಬೇಕು ಅಂತ ಭಾವ ಹೋಗಿ ನಿಂತರು. ಕಾಲು ನೋಯುವ ತನಕ ನಿಂತು ಕೈಗೆ ಬಂದದ್ದು ಒಂದು ಕಪ್ ಐಸ್‌ಕ್ರೀಮು. ಅಷ್ಟರಲ್ಲಿ ಮಳೆ ಹನಿಯಿತು. ಎದುರಿಗೆ ಮೂರು ಮಹಡಿ ಎತ್ತರದ ತೊರಣ, ಅಂದರೆ ದೀಪಾಲಂಕಾರದ ದೊಡ್ಡ ಚಿತ್ರಮಂಟಪ. ನಡುವೆ ಬುದ್ಧನ ಹಿಂದಿನ ಜನ್ಮದ ಜಾತಕ ಕಥೆಯ ಚಿತ್ರಗಳು, ಸುತ್ತ ಓಡುವ ಬಣ್ಣದ ಬಲ್ಬುಗಳು, ಮೈಕಿನಲ್ಲಿ ಸಿಂಹಳದ ಹಾಡು. ಅರ್ಥವಾಗದಿದ್ದರೇನು, ಭಾವ ಚಿತ್ರ ನೋಡಿ ತಾವೇ ಕಥೆ ಕಟ್ಟಿದರು. ಅದರಲ್ಲಿ ರಾಜನಿಗೂ ಊರೆಲ್ಲ ಹುಡುಕಿದರೂ ಕೋಳಿ ಸಿಗಲಿಲ್ಲ.

ರಾತ್ರಿ ಅಕ್ಕನ ಫೋನು. "ಕುಡಿದಿಲ್ಲ ಅಲ್ವಾ?"

"ಒಂದು ತೊಟ್ಟೂ ಇಲ್ಲ ಕಣೇ. ಕೋಳೀನೂ ಮುಟ್ಟಿಲ್ಲ."

ಅಕ್ಕ ನಂಬಲಿಲ್ಲ. ನನ್ನನ್ನು ಕೇಳಿದಳು. ಹೌದು ಅಂದೆ. ಮುಂದಿನ ವೇಸಾಕ್ ಯಾವತ್ತು ಅಂತಲೂ ಕೇಳಿ ಬರೆದುಕೊಂಡಳು. ಭಾವನ ಟಿಕೆಟ್ ಆಗಲೇ ಬುಕ್ ಆಗಿದೆಯಂತೆ. ಅವರಿಗಿನ್ನೂ ಹೇಳಿಲ್ಲ.