ಎಲ್ಲಿ ನಕ್ಕಿರಿ ಎಂದಾದರೂ ಆ ಹುಡುಗಿಗೆ ಹೇಳಿ

ಭಾನುವಾರ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನಡೆದ ಕಥಾವಾಚನದಿಂದ ಬಂದವಳು ಇನ್ನೂ ಸಿಟ್ಟಿನಲ್ಲೇ ಇದ್ದೇನೆ. ಸುಮ್ಮನಿದ್ದು ನೋಡಿದೆ, ಆಗಲಿಲ್ಲ. ಬರೆದೇ ಬಿಡುತ್ತೇನೆ.

ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಅಲ್ಲಿ ತನ್ನ ಮೊದಲ ಕಥೆಯನ್ನು ಓದಿದಳು. ಹಾಸ್ಯದ ಕಥೆ, ಅದೂ ಒಬ್ಬ ಬ್ರಹ್ಮರಾಕ್ಷಸನದು. ಓದಿ ಮುಗಿಸಿ, "ಎಲ್ಲಿ ಸರಿಯಾಗಿಲ್ಲ ಎಂದು ದಯವಿಟ್ಟು ಹೇಳಿ" ಎಂದು ಕೇಳಿಕೊಂಡಳು. ಸಿಕ್ಕ ಉತ್ತರಗಳನ್ನು ಕೇಳಿ. "ತುಂಬಾ ಚೆನ್ನಾಗಿದೆ ಕಣಮ್ಮಾ, ಹೀಗೇ ಬರೆಯುತ್ತಿರು." "ಪ್ರಯತ್ನ ಒಳ್ಳೆಯದು." "ಇದರ ಸಂದೇಶ ಏನು?" "ಭೂತ ಪ್ರೇತ ಬಿಟ್ಟು ಗಂಭೀರವಾದದ್ದೇನಾದರೂ ಬರಿ." ವೇದಿಕೆಯ ಮೇಲಿದ್ದ ಹಿರಿಯರೊಬ್ಬರು, "ನನ್ನ ಹತ್ತಿರ ಕೊಡು, ನಾನೇ ತಿದ್ದಿ ಬರೆದುಕೊಡುತ್ತೇನೆ" ಎಂದರು. ಅಲ್ಲಿಗೆ ವಂದನಾರ್ಪಣೆ, ಚಹಾ.

ಓದುವಾಗ ಇಡೀ ಸಭೆ ನಕ್ಕಿತ್ತು. ಯಾವ ಸಾಲಿಗೆ ನಕ್ಕೆವು, ಯಾವ ಪುಟದಲ್ಲಿ ನಗು ನಿಂತಿತು ಎಂದು ಒಬ್ಬರೂ ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೆ.

ಕಥೆ ಹೀಗಿದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಂತಾಗ ಒಂದು ಅಶ್ವತ್ಥ ಮರವೂ ಮುಳುಗುತ್ತದೆ. ಅದರಲ್ಲಿ ಬಹುಕಾಲದಿಂದ ವಾಸವಾಗಿದ್ದ ಬ್ರಹ್ಮರಾಕ್ಷಸ ನಿರಾಶ್ರಿತನಾಗುತ್ತಾನೆ. ಮನುಷ್ಯರಿಗೆಲ್ಲ ಪುನರ್ವಸತಿ ಎಂದರಲ್ಲ, ನನಗೂ ಒಂದು ಮರ ಕೊಡಿ ಎಂದು ಅರ್ಜಿ ಹಿಡಿದು ಹೊರಡುತ್ತಾನೆ. ಹಳೆಯ ಮನೆಗಳ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನಿಮಗೆ ನೆನಪಿದೆಯಲ್ಲ? ಕದ ತಟ್ಟಲು ಬಂದ ಭೂತ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ, ಮತ್ತೆ ಹಿಂದಿರುಗುತ್ತದೆ. ಈ ಹುಡುಗಿ ಆ ನಂಬಿಕೆಯನ್ನು ಎತ್ತಿ ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಇಟ್ಟಿದ್ದಾಳೆ. ಬ್ರಹ್ಮರಾಕ್ಷಸ ಯಾರ ಬಾಯಿಂದ ‘ನಾಳೆ ಬಾ’ ಎಂಬ ಮಾತು ಬಂದರೂ ಮೀರುವಂತಿಲ್ಲ. ಗುಮಾಸ್ತರಿಗೆ ಬೇರೆ ಮಾತೇ ಬರುವುದಿಲ್ಲ. ಗುಮಾಸ್ತರು ನಿವೃತ್ತರಾಗುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಬ್ರಹ್ಮರಾಕ್ಷಸ ಮಾತ್ರ ಅರ್ಧ ಶತಮಾನದಿಂದ ಪ್ರತಿದಿನ ಬರುತ್ತಲೇ ಇದ್ದಾನೆ.

ಹತ್ತೊಂಬತ್ತು ವರ್ಷದ ಹುಡುಗಿಗೆ ಹೊಳೆದ ಕಲ್ಪನೆ ಇದು. ಇದನ್ನು ಕೇಳಿಯೂ "ಪ್ರಯತ್ನ ಒಳ್ಳೆಯದು" ಎಂದು ಹೇಳಲು ಮನಸ್ಸಾದರೂ ಹೇಗೆ ಬರುತ್ತದೆ?

ಎರಡು ಕಡೆ ಸಭೆ ಜೋರಾಗಿ ನಕ್ಕಿತು, ನಾನು ಗಮನಿಸುತ್ತಿದ್ದೆ. ಮೊದಲನೆಯದು ಕಳಸವಳ್ಳಿಯಲ್ಲಿ ಅವನು ಹಿನ್ನೀರು ದಾಟಿಸುವ ಲಾಂಚ್ ಹತ್ತುವ ದೃಶ್ಯ. ಪಾದಗಳು ಹಿಂದುಮುಂದಾಗಿರುವುದರಿಂದ ಅವನು ಹತ್ತುತ್ತಿದ್ದಾನೋ ಇಳಿಯುತ್ತಿದ್ದಾನೋ ಎಂದು ಲಾಂಚಿನವರಿಗೆ ತಿಳಿಯದೆ, ಆಚೆಯ ಅಂಬಾರಗೋಡ್ಲು ದಡದವರೆಗೂ ವಾದ ನಡೆಯುತ್ತದೆ. ಎರಡನೆಯದು ಗುಮಾಸ್ತ ಅವನಿಂದ ಮರಣ ಪ್ರಮಾಣಪತ್ರವನ್ನೂ ಜೀವಂತ ಇರುವ ಬಗ್ಗೆ ದೃಢೀಕರಣವನ್ನೂ ಕೇಳುವುದು. "ಎರಡರಲ್ಲಿ ಒಂದನ್ನು ತರಬಲ್ಲೆ ಸ್ವಾಮಿ, ಯಾವುದಾಗಬಹುದು?" ಎಂದು ಬ್ರಹ್ಮರಾಕ್ಷಸ ವಿನಯದಿಂದ ಕೇಳುತ್ತಾನೆ. "ಎರಡೂ ಬೇಕು, ಜೊತೆಗೆ ಎರಡೆರಡು ಜೆರಾಕ್ಸ್." ಈ ಮಾತನ್ನು ಅವಳು ಉದ್ದನೆಯ ಪ್ಯಾರಾದ ನಡುವೆ ಹುದುಗಿಸಿಬಿಟ್ಟಿದ್ದಾಳೆ. ಪ್ಯಾರಾವನ್ನು ಅಲ್ಲಿಗೇ ನಿಲ್ಲಿಸಿದ್ದರೆ ನಗು ಇಮ್ಮಡಿಯಾಗುತ್ತಿತ್ತು. ಹೇಳಬೇಕಾದದ್ದು ಇಂಥದ್ದು! ನಾಟ್ಯಶಾಸ್ತ್ರ ನಗುವನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿದೆ. ಲಾಂಚಿನಲ್ಲಿ ಮುಗುಳ್ನಕ್ಕೆ, ಜೆರಾಕ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡೆ ಎಂದು ಹೇಳುವುದಕ್ಕೆ ಶಾಸ್ತ್ರ ಓದಿರಬೇಕಾಗಿಲ್ಲ, ಕಿವಿಗೊಟ್ಟು ಕೇಳಿದ್ದರೆ ಸಾಕಿತ್ತು.

ಕಥೆ ಕೆಟ್ಟದ್ದು ಕೊನೆಗೆ ಬಂದಾಗ. ಇದ್ದಕ್ಕಿದ್ದಂತೆ ಬ್ರಹ್ಮರಾಕ್ಷಸನಿಗೆ ಸಿಟ್ಟು ಬಂದು ಬಿರುಗಾಳಿ ಎಬ್ಬಿಸುತ್ತಾನೆ. ಕಡತಗಳು ಹಾರಿ ಬಂದು ತಾವಾಗಿಯೇ ಸಹಿ ಹಾಕಿಸಿಕೊಳ್ಳುತ್ತವೆ. ಅವನಿಗೆ ಮರ ಸಿಗುತ್ತದೆ. ಅಷ್ಟು ಹೊತ್ತು ನಗುತ್ತಿದ್ದ ಸಭೆ ಒಮ್ಮೆಲೇ ಮೌನವಾಯಿತು. ಯಾಕೆ? ಇಷ್ಟೆಲ್ಲ ಶಕ್ತಿ ಇದ್ದವನು 1964ರಲ್ಲೇ ಬಿರುಗಾಳಿ ಎಬ್ಬಿಸಬಹುದಿತ್ತಲ್ಲ ಎಂಬ ಪ್ರಶ್ನೆ ಕೇಳುವವರ ಮನಸ್ಸಿಗೆ ಬಂದೇ ಬರುತ್ತದೆ. ತಾನೇ ಹಾಕಿದ ಕಟ್ಟಳೆಯನ್ನು ಕಥೆ ತಾನೇ ಮುರಿಯಿತು.

ಅದ್ಭುತದ ಕಥೆಯಲ್ಲಿ ಏನು ಬೇಕಾದರೂ ಆಗಬಹುದು ಎಂದು ಭಾವಿಸಿದವರು ಯಕ್ಷಗಾನವನ್ನು ಸರಿಯಾಗಿ ನೋಡಿಲ್ಲ. ಭಸ್ಮಾಸುರನಿಗೆ ಉರಿಹಸ್ತದ ವರ ಸಿಕ್ಕಿತು. ಆ ವರವನ್ನು ಯಾರೂ ರದ್ದು ಮಾಡುವುದಿಲ್ಲ. ಮೋಹಿನಿ ಕುಣಿಸುತ್ತಾ ಕುಣಿಸುತ್ತಾ ಅವನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸುತ್ತಾಳೆ. ಹಿರಣ್ಯಕಶಿಪುವಿಗೆ ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲು. ಬಿಡುಗಡೆ ವರದ ಒಳಗಿನಿಂದಲೇ ಬರಬೇಕು. ಹಾಸ್ಯಕ್ಕಂತೂ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪಾತ್ರ ಎಲ್ಲಿ ಕಟ್ಟಿಹಾಕಿಕೊಂಡಿದೆಯೋ ಅಲ್ಲಿಂದಲೇ ನಗು ಹುಟ್ಟುವುದು, ಕಟ್ಟು ಬಿಚ್ಚಿದರೆ ನಗುವೂ ಬಿಚ್ಚಿಹೋಗುತ್ತದೆ.

ಹಾಗಾಗಿ ಸಭೆ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದೆ: ‘ನಾಳೆ ಬಾ’ ಎಂಬ ಮಾತಿನಿಂದಲೇ ಅವನು ಗೆಲ್ಲಲು ಸಾಧ್ಯವೇ? ಗೆಲ್ಲದಿದ್ದರೂ ಸರಿ, ಅದರಿಂದಲೇ ಕಥೆ ಮುಗಿಯಲು ಸಾಧ್ಯವೇ? ಉತ್ತರ ನಾನು ಹೇಳಲಿಲ್ಲ. ನನ್ನ ತಲೆಯಲ್ಲಿ ಒಂದಿತ್ತು, ಹೇಳಿದ್ದರೆ ಕಥೆ ನನ್ನದಾಗಿಬಿಡುತ್ತಿತ್ತು. ತಿದ್ದಿ ಬರೆದುಕೊಡುತ್ತೇನೆ ಎಂದ ಹಿರಿಯರ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಕೋಪ ಬಂದದ್ದು ಈ ಕಾರಣಕ್ಕೆ. ಅದು ಸಹಾಯವಲ್ಲ. ಅವಳ ಕೈಯಿಂದ ಕಥೆಯನ್ನು ಕಸಿದುಕೊಳ್ಳುವುದು.

ಇನ್ನೊಂದನ್ನೂ ಹೇಳಿದೆ. ಕಥೆಯ ಒಂದು ದೃಶ್ಯ ನಡೆಯುವುದು ಮೇ ತಿಂಗಳಲ್ಲಿ. ಆದರೆ ಬ್ರಹ್ಮರಾಕ್ಷಸ ಮುಳುಗಿದ ಕೊಂಬೆಯ ಮೇಲೆ ಕುಳಿತು ಮೀನುಗಳ ಜೊತೆ ಮಾತನಾಡುತ್ತಿದ್ದಾನೆ. ಮೇ ತಿಂಗಳಲ್ಲಿ ಹಿನ್ನೀರು ಇಳಿದಿರುತ್ತದೆ, ಸತ್ತ ಮರಗಳ ಬೊಡ್ಡೆಗಳು ಮೇಲೆ ಕಾಣುತ್ತವೆ, ಮುಳುಗಿಹೋದ ಮಡೇನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ನೀರಿನಿಂದ ಎದ್ದು ನಿಲ್ಲುತ್ತದೆ. ಅಂದರೆ ವರ್ಷಕ್ಕೊಮ್ಮೆ ಅವನಿಗೆ ತನ್ನ ಮನೆ ಮರಳಿ ಸಿಗುತ್ತದೆ, ಮಳೆ ಬಂದ ಕೂಡಲೇ ಮತ್ತೆ ಹೋಗುತ್ತದೆ! ಇದನ್ನು ಹೇಳಿದಾಗ ಅವಳ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು. ಚೀಲದಿಂದ ಪೆನ್ನು ತೆಗೆದು ಆಹ್ವಾನ ಪತ್ರಿಕೆಯ ಹಿಂದೆಯೇ ಬರೆದುಕೊಂಡಳು.

"ಹೊಸಬರಿಗೆ ಉತ್ತೇಜನ ಕೊಡಬೇಕು ಮೇಡಂ, ತಪ್ಪು ತೋರಿಸಿದರೆ ಬರೆಯುವುದನ್ನೇ ಬಿಟ್ಟುಬಿಡುತ್ತಾರೆ" ಎಂದು ಹೊರಡುವಾಗ ಒಬ್ಬರು ನನಗೆ ಬುದ್ಧಿ ಹೇಳಿದರು. ಒರಟಾಗಿ ಮಾತನಾಡಿ ಮಕ್ಕಳ ಕೈ ಮುರಿದವರೂ ಇದ್ದಾರೆ, ಒಪ್ಪುತ್ತೇನೆ. ಆದರೆ ಅವಳೇ ಕೇಳಿದ್ದಳಲ್ಲ? ಕೇಳಿದವಳಿಗೆ "ಚೆನ್ನಾಗಿದೆ" ಎಂದು ಹೇಳಿ ಎದ್ದುಹೋಗುವುದು ಉತ್ತೇಜನವೇ? ಹೈಸ್ಕೂಲಿನಲ್ಲಿ ಕನ್ನಡ ಕಲಿಸಿಕೊಂಡೇ ಬದುಕಿದವಳು ನಾನು. ಬರಿಯ "ಗುಡ್" ನೋಡಿ ಬರವಣಿಗೆ ಸುಧಾರಿಸಿಕೊಂಡ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಂಡಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಶುರುವಾಗುವುದೇ ಕಾವ್ಯದ ದೋಷಾದೋಷಗಳ ವಿಚಾರದಿಂದ. ಪದ್ಯವನ್ನೇ ಮುಂದಿಟ್ಟು ಎಲ್ಲಿ ದೋಷ ಎಂದು ತೋರಿಸುತ್ತದೆ. ಇಷ್ಟೇಕೆ, ಸಾಗರದ ಪಕ್ಕದಲ್ಲೇ ಹೆಗ್ಗೋಡು ಇದೆ. 1949ರಲ್ಲಿ ಹುಟ್ಟಿದ ನೀನಾಸಂ ರಂಗಸಂಸ್ಥೆ ಇದೆ. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಕುಳಿತು ಚರ್ಚಿಸುತ್ತಾರೆ. ಆ ಪರಿಸರದಲ್ಲೇ ಬೆಳೆದ ನಾವು ಒಂದು ಹುಡುಗಿಯ ಕಥೆಯ ಬಗ್ಗೆ ಐದು ನಿಮಿಷ ನಿಜವಾಗಿ ಮಾತನಾಡಲಾರೆವೇ?

"ಮುಳುಗಡೆಯ ನೋವನ್ನು ತಮಾಷೆ ಮಾಡಬಾರದು" ಎಂದವರ ವಿಷಯ ಉಳಿಯಿತು. ನನ್ನ ತಾಯಿಯ ತವರು ಲಿಂಗನಮಕ್ಕಿಯ ನೀರಿಗೆ ಹೋಯಿತೆಂದು ಹಳೆಯ ಗೆಳೆಯರಿಗೆ ಗೊತ್ತು. ಅಮ್ಮ ಆ ಊರಿನ ಹೆಸರು ಹೇಳಿದರೆ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಆ ವಿಷಯದಲ್ಲಿ ನಾನು ಬದುಕಿನಲ್ಲಿ ಒಮ್ಮೆಯೂ ನಕ್ಕವಳಲ್ಲ. ಭಾನುವಾರ ಜೆರಾಕ್ಸಿನ ಮಾತು ಬಂದಾಗ ನಕ್ಕೆ, ನಗುತ್ತಲೇ ಕಣ್ಣು ಒದ್ದೆಯಾಯಿತು. ಅರವತ್ತು ವರ್ಷ ದಾಟಿದರೂ ಎಷ್ಟೋ ಸಂತ್ರಸ್ತ ಕುಟುಂಬಗಳು ಇಂದಿಗೂ ತಮ್ಮ ಭೂಮಿಯ ಹಕ್ಕುಪತ್ರಕ್ಕಾಗಿ ಹೋರಾಡುತ್ತಿವೆ. ಆ ಹುಡುಗಿ ಅವರನ್ನು ನೋಡಿ ನಗಲಿಲ್ಲ, ಅವರನ್ನು ಅಲೆದಾಡಿಸಿದ ಕಿಟಕಿಯನ್ನು ನೋಡಿ ನಕ್ಕಳು. ಇಷ್ಟನ್ನೂ ಗುರುತಿಸದೆ ಆಕ್ಷೇಪ ಎತ್ತಿದವರು ಕಥೆಯನ್ನು ಕೇಳಿಸಿಕೊಂಡೇ ಇಲ್ಲ ಎಂದು ನಾನು ಮುಖಕ್ಕೇ ಹೇಳಬಲ್ಲೆ.

ನಿನ್ನೆ ಅವಳು ಫೋನ್ ಮಾಡಿದ್ದಳು. ಬಿರುಗಾಳಿಯನ್ನು ಪೂರ್ತಿ ತೆಗೆದಿದ್ದಾಳೆ. "ಇದು ನಮ್ಮ ವ್ಯವಸ್ಥೆಯ ವಿಡಂಬನೆ" ಎಂದು ಕೊನೆಯಲ್ಲಿ ತಾನೇ ವಿವರಿಸಿದ್ದ ಪ್ಯಾರಾವನ್ನೂ ಹೊಡೆದುಹಾಕಿದ್ದಾಳೆ. ಬ್ರಹ್ಮರಾಕ್ಷಸ ಸೆಲ್ಫಿ ತೆಗೆದುಕೊಂಡರೆ ಅವನ ಚಿತ್ರವೇ ಬರುವುದಿಲ್ಲ ಎಂಬ ತಮಾಷೆಯೊಂದಿದೆ. ಅದು ಎಲ್ಲರೂ ಕೇಳಿರುವಂಥದ್ದು, ತೆಗೆದುಬಿಡು ಎಂದಿದ್ದೆ. "ಅದೊಂದನ್ನು ಮಾತ್ರ ತೆಗೆಯುವುದಿಲ್ಲ ಮೇಡಂ, ನನಗೆ ಬಹಳ ಇಷ್ಟ" ಎಂದಳು. ಇರಲಿ, ಕಥೆ ಅವಳದು. ಮುಂದಿನ ಕರಡು ಬಂದಾಗ ಆ ಸಾಲಿಗಾಗಿ ಮತ್ತೊಮ್ಮೆ ಜಗಳವಾಡುತ್ತೇನೆ.