ಸ್ಪಷ್ಟನೆ: ಪೊಲೀಸ್ ಅಕಾಡೆಮಿ ಆರಂಭವಾದದ್ದು ಹೈದರಾಬಾದಿನಲ್ಲಲ್ಲ

ರಾಷ್ಟ್ರೀಯ ಪೊಲೀಸ್ ಅಕಾಡೆಮಿ 1948ರ ಸೆಪ್ಟೆಂಬರ್ 15ರಂದು ಹೈದರಾಬಾದಿನಲ್ಲಿ ಆರಂಭವಾಯಿತು, ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಪೊಲೀಸರಿಗೆ ತರಬೇತಿಯೇ ಇರಲಿಲ್ಲ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ದಿನಾಂಕವೊಂದೇ ಸರಿ. ಅಂದು ಕೇಂದ್ರೀಯ ಪೊಲೀಸ್ ತರಬೇತಿ ಕಾಲೇಜು ಎಂಬ ಹೆಸರಿನಲ್ಲಿ ಸಂಸ್ಥೆ ಆರಂಭವಾದದ್ದು ಮೌಂಟ್ ಅಬುವಿನಲ್ಲಿ. ಹೈದರಾಬಾದ್ ಆಗಿನ್ನೂ ನಿಜಾಮರ ಕೈಯಲ್ಲಿತ್ತು. ಭಾರತೀಯ ಸೇನೆಯ ಕಾರ್ಯಾಚರಣೆ ನಡೆಯುತ್ತಿದ್ದ ಆ ದಿನ ಅಲ್ಲಿ ಕೇಂದ್ರದ ಕಾಲೇಜೊಂದು ಉದ್ಘಾಟನೆಯಾಗಿರಲು ಸಾಧ್ಯವೇ ಇರಲಿಲ್ಲ ಎಂಬುದು ಸಂದೇಶ ಬರೆದವರಿಗೆ ಹೊಳೆದಂತಿಲ್ಲ. ಸಂಸ್ಥೆಗೆ 1967ರಲ್ಲಿ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಎಂಬ ಹೆಸರು ಬಂತು, 1974ರಲ್ಲಿ ಅದಕ್ಕೆ ಸರ್ದಾರ್ ವಲ್ಲಭಭಾಯಿ ಪಟೇಲರ ಹೆಸರು ಸೇರಿತು, ಹೈದರಾಬಾದಿಗೆ ಸ್ಥಳಾಂತರವಾದದ್ದು 1975ರಲ್ಲಿ.

ಎರಡನೆಯ ಮಾತಂತೂ ಪೂರ್ತಿ ತಪ್ಪು. ಪಂಜಾಬಿನ ಫಿಲ್ಲೌರ್‌ನಲ್ಲಿ, ಮಹಾರಾಜ ರಣಜಿತ್ ಸಿಂಗ್ ಕಟ್ಟಿಸಿದ ಕೋಟೆಯೊಳಗೆ, 1891ರಷ್ಟು ಹಿಂದೆಯೇ ಪೊಲೀಸ್ ತರಬೇತಿ ಶಾಲೆ ನಡೆಯುತ್ತಿತ್ತು. ಸರ್ ಆಂಡ್ರೂ ಫ್ರೇಸರ್ ಅಧ್ಯಕ್ಷತೆಯ 1902–03ರ ಪೊಲೀಸ್ ಆಯೋಗವು ಇಲಾಖೆಯ ಭ್ರಷ್ಟಾಚಾರ, ದಬ್ಬಾಳಿಕೆಗಳನ್ನು ಕಟುವಾಗಿ ಟೀಕಿಸಿ, ಕಾನ್‌ಸ್ಟೆಬಲ್‌ಗಳಿಗೆ ತರಬೇತಿ ಶಾಲೆಗಳನ್ನೂ ಅಧಿಕಾರಿಗಳಿಗೆ ಪ್ರಾಂತೀಯ ಕಾಲೇಜುಗಳನ್ನೂ ತೆರೆಯಬೇಕೆಂದು ಶಿಫಾರಸು ಮಾಡಿತ್ತು. ಆ ತರಬೇತಿ ಜನಸ್ನೇಹಿಯಾಗಿತ್ತೇ ಎಂಬುದು ಬೇರೆಯೇ ಚರ್ಚೆ. ತರಬೇತಿಯೇ ಇರಲಿಲ್ಲ ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ.